ಏಕೀಕೃತ ವಕೀಲವರ್ಗ: ಐವತ್ತು ವರ್ಷ ಕಾದ ಒಂದು ಪ್ರಕರಣ

ಭಾರತದ ವಕೀಲವೃತ್ತಿಯ ಚರಿತ್ರೆಯನ್ನು ಕುರಿತು ಪ್ರಶ್ನೆ ಬಂದಾಗ ನಮ್ಮ ವಿದ್ಯಾರ್ಥಿಗಳು ತಪ್ಪದೆ ಒಂದು ಮಾತನ್ನು ಬರೆಯುತ್ತಾರೆ: 1961ರ ವಕೀಲರ ಕಾಯಿದೆಯಿಂದ ಯಾವ ರಾಜ್ಯದ ವಕೀಲನಾದರೂ ದೇಶದ ಯಾವ ನ್ಯಾಯಾಲಯದಲ್ಲಾದರೂ ವೃತ್ತಿ ನಡೆಸುವ ಹಕ್ಕನ್ನು ಪಡೆದನು ಎಂದು. ಈ ಉತ್ತರಕ್ಕೆ ನಾನೂ ಹಲವು ವರ್ಷ ಪೂರ್ಣಾಂಕವನ್ನು ಕೊಟ್ಟಿರುವೆನು. ಆದರೆ ಅದು ಸರಿಯಲ್ಲ. ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1961ರ ಮೇ 19ರಂದು. ಈ ಹಕ್ಕನ್ನು ಕೊಡುವ ಅದರ 30ನೆಯ ಪ್ರಕರಣವು ಜಾರಿಗೆ ಬಂದದ್ದು 2011ರ ಜೂನ್ 15ರಂದು. ಈ ಅಂತರಕ್ಕೆ ಕಾರಣವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಾರಣವನ್ನು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹುಡುಕಬೇಕಾಗುತ್ತದೆ. 1862ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ಹೈಕೋರ್ಟುಗಳಿಗೆ ರಾಜಶಾಸನದ ಮೂಲಕ ತಮ್ಮ ತಮ್ಮ ವಕೀಲರನ್ನು ತಾವೇ ಸೇರಿಸಿಕೊಳ್ಳುವ ಅಧಿಕಾರ ಬಂದಿತು. ಆದುದರಿಂದ ವಕೀಲನೆಂದರೆ ದೇಶದ ವಕೀಲನಲ್ಲ. ಇಂತಹ ಹೈಕೋರ್ಟಿನ ವಕೀಲ. 1879ರ ಕಾಯಿದೆಯ ಕಾಲಕ್ಕೆ ಅಡ್ವೊಕೇಟ್, ಅಟಾರ್ನಿ, ವಕೀಲ, ಪ್ಲೀಡರ್, ಮುಖ್ತಾರ, ರೆವೆನ್ಯೂ ಏಜೆಂಟ್ ಎಂದು ಆರು ಶ್ರೇಣಿಗಳಿದ್ದವು. 1926ರಲ್ಲಿ ವಕೀಲರ ಪರಿಷತ್ತುಗಳೇನೋ ಹುಟ್ಟಿದವು. ಆದರೆ ಅವೂ ಹೈಕೋರ್ಟಿಗೊಂದರಂತೆ ಹುಟ್ಟಿದವು, ಮುಖ್ಯ ಅಧಿಕಾರ ಹೈಕೋರ್ಟುಗಳಲ್ಲಿಯೇ ಉಳಿಯಿತು.

ಕನ್ನಡನಾಡಿನ ಮಟ್ಟಿಗೆ ಇದರ ಪರಿಣಾಮವು ಗಮನಾರ್ಹವಾದುದು. 1956ಕ್ಕೆ ಮುಂಚೆ ಧಾರವಾಡ, ಬೆಳಗಾವಿಯ ವಕೀಲರು ಮುಂಬಯಿ ಹೈಕೋರ್ಟಿಗೂ, ಮಂಗಳೂರಿನವರು ಮದರಾಸು ಹೈಕೋರ್ಟಿಗೂ, ಗುಲಬರ್ಗೆಯವರು ಹೈದರಾಬಾದಿನ ಹೈಕೋರ್ಟಿಗೂ, ಮೈಸೂರಿನವರು ತಮ್ಮದೇ ಹೈಕೋರ್ಟಿಗೂ ಒಳಪಟ್ಟಿದ್ದರು. ನಿಜಾಮನ ಆಳ್ವಿಕೆಯಲ್ಲಿ ಗುಲಬರ್ಗೆಯ ಕನ್ನಡಿಗ ವಕೀಲನು ಕನ್ನಡಿಗ ಕಕ್ಷಿಗಾರನ ಪರವಾಗಿ ಉರ್ದುವಿನಲ್ಲಿ ವಾದಿಸಬೇಕಾಗಿತ್ತು. 1956ರ ನವೆಂಬರ್ 1ರಂದು ಇವರೆಲ್ಲರೂ ಒಂದೇ ಹೈಕೋರ್ಟಿನ ಕೆಳಗೆ ಬಂದರು. ನಮ್ಮ ಏಕೀಕರಣದ ಇತಿಹಾಸಗಳು ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಅದೇ ದಿನ ಬೆಳಗಾವಿ, ಕೊಲ್ಲಾಪುರಗಳು ಬೇರೆ ಬೇರೆ ಹೈಕೋರ್ಟುಗಳಿಗೆ ಸೇರಿದವು. ಅಂದಿನವರೆಗೆ ಎರಡೂ ಊರುಗಳು ಮುಂಬಯಿ ಹೈಕೋರ್ಟಿನ ಅಧಿಕಾರವ್ಯಾಪ್ತಿಯಲ್ಲಿಯೇ ಇದ್ದವು. ಪುನರ್ವಿಂಗಡಣೆಯು ವಕೀಲರ ಪಾಲಿಗೆ ಹಳೆಯ ಗಡಿಗಳನ್ನು ಅಳಿಸಿದಂತೆಯೇ ಹೊಸ ಗಡಿಯನ್ನೂ ಎಳೆಯಿತು.

ಹೈಕೋರ್ಟುಗಳು ಈ ಸ್ವಾಮ್ಯವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂಬುದನ್ನು 1951ರ ಕಲ್ಕತ್ತದ ಒಂದು ಪ್ರಸಂಗ ತೋರಿಸುತ್ತದೆ. ಆ ವರ್ಷ ಸಂಸತ್ತು, ಸುಪ್ರೀಂ ಕೋರ್ಟಿನ ಅಡ್ವೊಕೇಟನು ಯಾವ ಹೈಕೋರ್ಟಿನಲ್ಲಾದರೂ ವೃತ್ತಿ ನಡೆಸಬಹುದೆಂದು ಒಂದು ಚಿಕ್ಕ ಕಾಯಿದೆಯನ್ನು ಮಾಡಿತು. ಇದನ್ನು ನಂಬಿ ಅಶ್ವಿನಿ ಕುಮಾರ್ ಘೋಷ್ ಎಂಬ ಅಡ್ವೊಕೇಟರು ಕಲ್ಕತ್ತ ಹೈಕೋರ್ಟಿನ ಮೂಲ ದಾವಾ ಶಾಖೆಯಲ್ಲಿ ಕಕ್ಷಿಗಾರನ ವಕಾಲತ್ತುಪತ್ರವನ್ನು ಸಲ್ಲಿಸಿದರು. ಕಚೇರಿಯು ಅದನ್ನು ಹಿಂದಿರುಗಿಸಿತು. ಆ ಶಾಖೆಯ ನಿಯಮದಂತೆ ಕಕ್ಷಿಗಾರನಿಂದ ಪ್ರಕರಣವನ್ನು ವಹಿಸಿಕೊಂಡು ಕಾಗದಪತ್ರ ನಡೆಸುವವನು ಅಟಾರ್ನಿ. ಅಡ್ವೊಕೇಟನು ಎದ್ದು ವಾದಿಸಬಹುದು, ಅಷ್ಟೆ. ಹೈಕೋರ್ಟು ಕಚೇರಿಯ ಪಕ್ಷವನ್ನೇ ಹಿಡಿಯಿತು. ವಿವಾದವೆಲ್ಲ ‘ವೃತ್ತಿ ನಡೆಸುವುದು’ ಎಂಬ ಒಂದು ಮಾತಿನ ಅರ್ಥದ ಮೇಲೆ ನಿಂತಿತು. ವಾದಿಸುವುದೂ ಪ್ರಕರಣವನ್ನು ನಡೆಸುವುದೂ ಎರಡೂ ಆ ಮಾತಿನಲ್ಲಿ ಅಡಕವಾಗಿವೆಯೆಂದು 1952ರಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ತೀರ್ಪಿತ್ತಿತು. ನ್ಯಾಯಾಧೀಶರೇ ಒಮ್ಮತಕ್ಕೆ ಬರಲಾಗಲಿಲ್ಲವೆಂಬುದು ಪ್ರಶ್ನೆಯ ಜಟಿಲತೆಗೆ ಸಾಕ್ಷಿ.

ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ಅಧ್ಯಕ್ಷತೆಯ ಅಖಿಲ ಭಾರತ ವಕೀಲರ ಸಮಿತಿಯು 1953ರಲ್ಲಿ ಇಡೀ ದೇಶಕ್ಕೆ ಒಂದೇ ವಕೀಲವರ್ಗವಿರಬೇಕೆಂದು ವರದಿ ಮಾಡಿತು. 1958ರಲ್ಲಿ ಕಾನೂನು ಆಯೋಗವೂ ಅದನ್ನು ಸಮರ್ಥಿಸಿತು. ಇವುಗಳ ಫಲವೇ 1961ರ ಕಾಯಿದೆ. ವಕೀಲನು ಒಂದೇ ರಾಜ್ಯದ ಪಟ್ಟಿಯಲ್ಲಿ ಹೆಸರನ್ನಿಟ್ಟಿರತಕ್ಕದ್ದು. ಬೇಕಾದಲ್ಲಿ ಶುಲ್ಕವಿಲ್ಲದೆ ಇನ್ನೊಂದು ರಾಜ್ಯದ ಪಟ್ಟಿಗೆ ಅದನ್ನು ವರ್ಗಾಯಿಸಿಕೊಳ್ಳಬಹುದು. ಯಾವ ಪಟ್ಟಿಯಲ್ಲಿದ್ದರೂ ಎಲ್ಲ ನ್ಯಾಯಾಲಯಗಳೂ ಅವನಿಗೆ ತೆರೆದಿರಬೇಕು. ಆದರೆ ಬೇರೆ ಬೇರೆ ಪ್ರಕರಣಗಳನ್ನು ಬೇರೆ ಬೇರೆ ದಿನ ಜಾರಿಗೆ ತರುವ ಅಧಿಕಾರವನ್ನು ಕಾಯಿದೆಯ ಮೊದಲನೆಯ ಪ್ರಕರಣವು ಕೇಂದ್ರ ಸರ್ಕಾರಕ್ಕೆ ಕೊಟ್ಟಿತ್ತು. ಎಲ್ಲ ತೊಡಕೂ ಇಲ್ಲಿಂದ ಹುಟ್ಟಿತು. 30ನೆಯ ಪ್ರಕರಣದ ಜಾಗದಲ್ಲಿ 1926ರ ಕಾಯಿದೆಯ 14ನೆಯ ಪ್ರಕರಣವೇ ಮುಂದುವರಿಯಿತು. ಅದರ ಪ್ರಕಾರ ಹೊರಗಿನ ವಕೀಲನು ಆಯಾ ಹೈಕೋರ್ಟಿನ ನಿಯಮಗಳಿಗೆ ಬದ್ಧನು.

ವಿಳಂಬಕ್ಕೆ ಬರಿಯ ಆಲಸ್ಯವನ್ನು ಕಾರಣವಾಗಿ ಹೇಳುವುದು ಸುಲಭ. ಆದರೆ 30ನೆಯ ಪ್ರಕರಣದ ಮಾತು ನ್ಯಾಯಾಲಯಗಳಿಗೆ ಮಾತ್ರ ಸೀಮಿತವಲ್ಲ, ಎಲ್ಲ ನ್ಯಾಯಮಂಡಲಿಗಳನ್ನೂ ಒಳಗೊಳ್ಳುತ್ತದೆ. ಇತ್ತ 1947ರ ಔದ್ಯೋಗಿಕ ವಿವಾದಗಳ ಕಾಯಿದೆಯು ಎದುರು ಪಕ್ಷದ ಒಪ್ಪಿಗೆಯಿಲ್ಲದೆ ವಕೀಲನು ಕಾರ್ಮಿಕ ನ್ಯಾಯಮಂಡಲಿಯ ಮುಂದೆ ಬರಕೂಡದೆಂದು ವಿಧಿಸಿತ್ತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ ಧೋರಣೆಯೂ ಇದೇ. ಬಡ ಕಾರ್ಮಿಕನ ಎದುರು ಸಿರಿವಂತ ಮಾಲೀಕನ ವಕೀಲನು ನಿಲ್ಲಬಾರದೆಂಬ ಆಶಯಕ್ಕೂ ವಕೀಲನ ಸಾರ್ವತ್ರಿಕ ಹಕ್ಕಿಗೂ ನೇರ ಘರ್ಷಣೆಯಿತ್ತು. ಲಿಂಗಪ್ಪ ಪೋಚಣ್ಣ ಮೊಕದ್ದಮೆಯಲ್ಲಿ ಆದಿವಾಸಿಗಳ ಭೂಮಿಯನ್ನು ಹಿಂದಿರುಗಿಸುವ ವಿಚಾರಣೆಯಿಂದ ವಕೀಲರನ್ನು ಹೊರಗಿಟ್ಟದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 30ನೆಯ ಪ್ರಕರಣವು ಇನ್ನೂ ಜಾರಿಯಲ್ಲಿಲ್ಲವೆಂಬುದನ್ನು ಆಗ ಅದು ಎತ್ತಿ ತೋರಿಸಿತು. ಇಂತಹ ಕಡೆ ವಿಳಂಬವು ದುರ್ಬಲರಿಗೆ ನೆರವಾಯಿತೆಂದೇ ನನ್ನ ಅಭಿಪ್ರಾಯ. ಹೈಕೋರ್ಟುಗಳ ಗಡಿಗೋಡೆಗಳಿಗೆ ಮಾತ್ರ ಈ ಸಮರ್ಥನೆ ಸಲ್ಲದು.

ಅಟಾರ್ನಿಗಳ ಪ್ರತ್ಯೇಕ ವರ್ಗವು 1977ರ ಜನವರಿ 1ರಂದು ಕೊನೆಗೊಂಡಿತು. 30ನೆಯ ಪ್ರಕರಣವನ್ನು ಜಾರಿಗೆ ತರುವ ವಿಚಾರವನ್ನು ಆರು ತಿಂಗಳೊಳಗಾಗಿ ಪರಿಶೀಲಿಸಬೇಕೆಂದು 1988ರಲ್ಲಿ ಸುಪ್ರೀಂ ಕೋರ್ಟು ಸರ್ಕಾರಕ್ಕೆ ಸೂಚಿಸಿತು. ಆ ಬಳಿಕವೂ ಇಪ್ಪತ್ತಮೂರು ವರ್ಷಗಳು ಸಂದವು.

ಪ್ರಕರಣವು ಜಾರಿಗೆ ಬಂದ ಮೇಲೂ ಹಳೆಯ ಸ್ವಾಮ್ಯವು ಪೂರ್ತಿ ಅಳಿಯಲಿಲ್ಲ. ಅದೇ ಕಾಯಿದೆಯ 34ನೆಯ ಪ್ರಕರಣವು ವೃತ್ತಿಯ ಷರತ್ತುಗಳನ್ನು ವಿಧಿಸುವ ಅಧಿಕಾರವನ್ನು ಹೈಕೋರ್ಟುಗಳಿಗೆ ಉಳಿಸಿದೆ. ಹೊರರಾಜ್ಯದ ವಕೀಲನು ಸ್ಥಳೀಯ ವಕೀಲನೊಬ್ಬನ ಜೊತೆಗೂಡಿಯೇ ಹಾಜರಾಗಬೇಕೆಂಬ ಅಲಹಾಬಾದ್ ಹೈಕೋರ್ಟಿನ ನಿಯಮವನ್ನು 2016ರಲ್ಲಿ ಸುಪ್ರೀಂ ಕೋರ್ಟು ಮಾನ್ಯಮಾಡಿತು. ಇನ್ನು ಬೆಳಗಾವಿಯ ವಕೀಲನು ಈಗ ಕೊಲ್ಲಾಪುರದ ನ್ಯಾಯಾಲಯಕ್ಕೆ ಹೋಗಲು ಕಾನೂನಿನ ಅಡ್ಡಿಯಿಲ್ಲ. ಅಲ್ಲಿ ಅವನ ಮುಂದೆ ಬರುವ ಕಡತಗಳು ಮಾತ್ರ ಮರಾಠಿಯಲ್ಲಿರುತ್ತವೆ.