ಇಬ್ನು ಬತೂತಾ ನಡೆದ ಕಡಲತೀರ: ಸ್ಪೇನ್ ಪ್ರವಾಸಕ್ಕೆ ಮುನ್ನ

ಗಲ್ಫ್ ರಾಷ್ಟ್ರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕೆಲವು ಈಗ ರಜೆಗೆ ಸ್ಪೇನಿನತ್ತ ಹೊರಡುತ್ತಿವೆ. ಅವರ ಯೋಜನೆ ಸಾಮಾನ್ಯವಾಗಿ ಒಂದೇ ಬಗೆಯದು. ಹಿರಿಯರ ಆಸೆಗಾಗಿ ಕುರ್ತುಬಾ ಮತ್ತು ಗ್ರನಾಡಾ, ಮಕ್ಕಳ ಹಟಕ್ಕಾಗಿ ಎರಡು ದಿನ ಸಮುದ್ರತೀರ. ಇತಿಹಾಸವೆಲ್ಲ ನಗರಗಳಲ್ಲಿದೆ, ಕಡಲಲ್ಲಿರುವುದು ವಿನೋದ ಮಾತ್ರ ಎಂಬ ಈ ವಿಂಗಡಣೆಯನ್ನು ನಾವು ಒಪ್ಪುವುದಿಲ್ಲ. ಭೂಮಿಯಲ್ಲಿ ಸಂಚರಿಸಿ ಗತಿಸಿಹೋದವರ ಪರಿಣಾಮವನ್ನು ನೋಡಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಅಂದುಲುಸಿನಲ್ಲಿ ಆ ನೋಟ ಅರಮನೆಗಳಿಗಿಂತ ಮರಳಿನ ಮೇಲೆಯೇ ಹೆಚ್ಚು ಸ್ಪಷ್ಟವಾಗಿ ದೊರೆಯುತ್ತದೆ.

ಕುರ್ತುಬಾಕ್ಕೆ ಹೋಗಲೇಬಾರದೆಂದು ನಾವು ಹೇಳುತ್ತಿಲ್ಲ. ಆದರೆ ಅಲ್ಲಿನ ಮಹಾ ಮಸೀದಿಯು 1236ರಿಂದ ಚರ್ಚ್ ಆಗಿದೆ, ಒಳಗೆ ನಮಾಝ್‌ಗೆ ಅನುಮತಿಯಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರುವುದು ಒಳಿತು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುವುದುಂಟು. ಗ್ರನಾಡಾದಲ್ಲಿ ಮಾತ್ರ ಅಲ್‌ಹಂಬ್ರಾದ ಎದುರಿನ ಗುಡ್ಡದ ಮೇಲೆ 2003ರಲ್ಲಿ ಹೊಸ ಮಸೀದಿಯೊಂದು ತೆರೆದಿದೆ. ಜುಮಾ ದಿನಕ್ಕೆ ಆ ನಗರವನ್ನು ಇರಿಸಿಕೊಳ್ಳಬಹುದು.

ಇನ್ನು ಕಡಲಿನ ವಿಷಯ. ಮರ್ಬೆಲ್ಲಾದಿಂದ ಮಲಗಾದವರೆಗಿನ ತೀರ ಇಂದು ಯುರೋಪಿನ ಪ್ರಸಿದ್ಧ ವಿಹಾರತಾಣ. ಸಾಲು ಸಾಲು ಹೋಟೆಲುಗಳ ನಡುವೆ ಫುಯೆಂಗಿರೋಲಾ ಎಂಬ ಪಟ್ಟಣವಿದೆ, ಅದರ ಅಂಚಿನ ದಿಬ್ಬದ ಮೇಲೆ ಒಂದು ಕೋಟೆಯಿದೆ. ಕೋಟೆಯ ಹೆಸರು ಸೊಹೈಲ್. ಅರಬರು ಆ ಪ್ರದೇಶವನ್ನೇ ಸುಹೈಲ್ ಎಂದು ಕರೆಯುತ್ತಿದ್ದರು. 1350ರ ಸುಮಾರಿಗೆ ಇದೇ ದಾರಿಯಲ್ಲಿ ಇಬ್ನು ಬತೂತಾ ಮಲಗಾಕ್ಕೆ ಹೊರಟಿದ್ದರು. ಕೆಲವೇ ವರ್ಷಗಳ ಹಿಂದೆ ನಮ್ಮ ಹೊನ್ನಾವರದಲ್ಲಿ ತಂಗಿ, ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿರುವುದನ್ನೂ, ಹೆಣ್ಣುಮಕ್ಕಳಿಗೆ 13 ಹಾಗೂ ಗಂಡುಮಕ್ಕಳಿಗೆ 23 ಪಾಠಶಾಲೆಗಳಿರುವುದನ್ನೂ ಬೆರಗಿನಿಂದ ಕಂಡಿದ್ದ ಅದೇ ಯಾತ್ರಿಕ!

ಮರ್ಬೆಲ್ಲಾದಲ್ಲಿ ಮಲಗಾಕ್ಕೆ ಹೊರಟ ಕುದುರೆ ಸವಾರರ ಗುಂಪೊಂದು ಅವರಿಗೆ ಸಿಕ್ಕಿತು. ಜೊತೆಯಲ್ಲಿ ಹೋಗಬೇಕೆಂದಿದ್ದರು, ಆದರೆ ಸವಾರರು ಮುಂದೆ ಹೋಗಿಬಿಟ್ಟರು. ಹಿಂದಿನಿಂದ ಬಂದ ಇಬ್ನು ಬತೂತಾ ಸುಹೈಲ್ ಗಡಿ ಪ್ರವೇಶಿಸಿದಾಗ ದಾರಿಬದಿಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಸ್ವಲ್ಪ ಮುಂದೆ ನೆಲಕ್ಕೆ ಚೆಲ್ಲಿದ ಮೀನಿನ ಬುಟ್ಟಿ. ಸಮುದ್ರದಿಂದ ನಾಲ್ಕು ಶತ್ರುನೌಕೆಗಳು ಬಂದಿದ್ದವು, ಕಾವಲು ಗೋಪುರದಲ್ಲಿ ಆ ಹೊತ್ತಿಗೆ ಕಾವಲುಗಾರನಿರಲಿಲ್ಲ. ಹನ್ನೆರಡು ಸವಾರರಲ್ಲಿ ಒಬ್ಬ ಹತನಾಗಿದ್ದ, ಒಬ್ಬ ತಪ್ಪಿಸಿಕೊಂಡಿದ್ದ, ಹತ್ತು ಮಂದಿ ಸೆರೆಯಾಗಿದ್ದರು. ಮೀನಿನ ಬುಟ್ಟಿಯ ಬೆಸ್ತನೂ ಕೊಲ್ಲಲ್ಪಟ್ಟಿದ್ದ. ಆ ರಾತ್ರಿಯನ್ನು ಇಬ್ನು ಬತೂತಾ ಸುಹೈಲ್ ಕೋಟೆಯಲ್ಲಿ ಕಳೆದರು.

ಮರುದಿನ ಮಲಗಾ ತಲುಪಿ ಜಾಮಿಅ ಮಸೀದಿಗೆ ಹೋದರೆ, ನಗರದ ಖಾಝಿಯವರು ವಿದ್ವಾಂಸರನ್ನೂ ಗಣ್ಯರನ್ನೂ ಕೂಡಿಸಿಕೊಂಡು ಕುಳಿತಿದ್ದರು. ಹಿಂದಿನ ದಿನ ಸೆರೆಯಾದವರನ್ನು ಬಿಡಿಸಲು ಹಣ ಸಂಗ್ರಹಿಸುತ್ತಿದ್ದರು. ಸುದ್ದಿ ಬಂದ ಮರುದಿನವೇ! ಮಲಗಾದ ಅಂಜೂರ, ಬಾದಾಮಿ, ಹೊಂಬಣ್ಣದ ಮಣ್ಣಿನ ಪಾತ್ರೆಗಳನ್ನೂ ಯಾತ್ರಿಕರು ಹೊಗಳಿದ್ದಾರೆ. ಆದರೆ ನಮ್ಮ ಮನಸ್ಸು ನಿಲ್ಲುವುದು ಮಸೀದಿಯ ಆ ದೃಶ್ಯದಲ್ಲಿ. ಜನರನ್ನು ಸೆರೆಹಿಡಿದು ಹಣ ಕೇಳುವ ಈ ವ್ಯವಹಾರ ಆಗಿನ ಮೆಡಿಟರೇನಿಯನ್ ಸಮುದ್ರದಲ್ಲಿ ಎರಡೂ ಕಡೆಯವರದ್ದಾಗಿತ್ತೆಂಬುದನ್ನೂ ಮಕ್ಕಳಿಂದ ಮರೆಮಾಚಬೇಕಾಗಿಲ್ಲ.

1487ರಲ್ಲಿ ಫರ್ಡಿನಾಂಡ್ ಮತ್ತು ಇಸಬೆಲ್ಲಾ ದೊರೆಗಳು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಮಲಗಾವನ್ನು ಗೆದ್ದಾಗ ಇಡೀ ನಗರವೇ ಸೆರೆಯಾಯಿತು. ಬಿಡುಗಡೆಯ ಹಣ ನಿಗದಿಯಾಯಿತು, ಅದನ್ನು ಪೂರ್ತಿ ಹೊಂದಿಸಲು ಆಗಲಿಲ್ಲ. ಬಹುಪಾಲು ನಿವಾಸಿಗಳು ಗುಲಾಮರಾದರು. ಜಾಮಿಅ ಮಸೀದಿಯ ಜಾಗದಲ್ಲಿ ಈಗ ಚರ್ಚ್ ಇದೆ. ಫುಯೆಂಗಿರೋಲಾದಿಂದ ಮಲಗಾಕ್ಕೆ ರೈಲಿದೆ. ಬೆಳಿಗ್ಗೆ ಕೋಟೆ ನೋಡಿ, ಮಧ್ಯಾಹ್ನ ಆ ಅಂಗಳದಲ್ಲಿ ನಿಂತು, ಸಂಜೆ ಮಕ್ಕಳನ್ನು ನೀರಿಗೆ ಬಿಡಬಹುದು. ಬೇಸಿಗೆಯಲ್ಲಿ ಅಲ್ಲಿ ಮಗ್‌ರಿಬ್ ಆಗುವುದೇ ರಾತ್ರಿ ಒಂಬತ್ತೂವರೆಯ ಸುಮಾರಿಗೆ.

ಒಂದು ದಿನ ಹೆಚ್ಚಿಗೆ ಸಿಕ್ಕರೆ ಗ್ರನಾಡಾದಿಂದ ಕಡಲಿಗಿಳಿದು ಅಲ್ಮುನ್ಯೇಕರ್ ನೋಡಬಹುದು. ತನ್ನ ವಂಶದವರ ಕೊಲೆಯಿಂದ ಪಾರಾಗಿ ಬಂದ ಉಮಯ್ಯಾ ರಾಜಕುಮಾರ ಅಬ್ದುರ್ರಹ್ಮಾನ್ 755ರಲ್ಲಿ ಇಳಿದದ್ದು ಇಲ್ಲೇ. ಅವರ ಪ್ರತಿಮೆಯೂ ಅಲ್ಲಿದೆ.

ಪೂರ್ವ ತೀರಕ್ಕೆ ಹೋಗುವವರು ಬೆನಿದೋರ್ಮ್‌ನ ಗದ್ದಲವನ್ನು ಬಿಟ್ಟು ದೇನಿಯಾವನ್ನು ಆರಿಸಿಕೊಳ್ಳಲಿ ಎಂಬುದು ನಮ್ಮ ಸಲಹೆ. ಹನ್ನೊಂದನೇ ಶತಮಾನದಲ್ಲಿ ಗುಲಾಮ ಮೂಲದ ಮುಜಾಹಿದ್ ಎಂಬ ದೊರೆ ಈ ಬಂದರನ್ನು ಕುರ್‌ಆನ್ ಪಾರಾಯಣಶಾಸ್ತ್ರದ ಕೇಂದ್ರವನ್ನಾಗಿಸಿದರು. ಅಂಧ ನಿಘಂಟುಕಾರ ಇಬ್ನು ಸೀದಾ ಇಲ್ಲಿದ್ದರು. ಏಳು ಪಾರಾಯಣ ಪದ್ಧತಿಗಳ ಕುರಿತು ಅತ್ತೈಸೀರ್ ಗ್ರಂಥ ರಚಿಸಿದ ಅಬೂ ಅಮ್ರ್ ಅದ್ದಾನಿ 1053ರಲ್ಲಿ ಇಲ್ಲಿಯೇ ನಿಧನರಾದರು. ಅದ್ದಾನಿ ಎಂದರೆ ದೇನಿಯಾದವರು ಎಂದೇ ಅರ್ಥ. ಸಮೀಪದ ಶಾತಿಬಾದಲ್ಲಿ ಜನಿಸಿದ ಇಮಾಮ್ ಶಾತಿಬಿಯವರು ಆ ಗ್ರಂಥವನ್ನು ಪದ್ಯಕ್ಕಿಳಿಸಿದರು. ನಮ್ಮ ಮಕ್ಕಳು ಮದ್ರಸಗಳಲ್ಲಿ ಕಲಿಯುವ ಹಫ್ಸ್ ಪಾರಾಯಣ ಬಹುಮಟ್ಟಿಗೆ ಆ ಶಾತಿಬಿಯ್ಯಾ ಮಾರ್ಗದಿಂದಲೇ ಬಂದದ್ದು.

ಬಲವಂತದಿಂದ ಕ್ರೈಸ್ತರಾಗಿಸಲ್ಪಟ್ಟ ಮುಸ್ಲಿಮರ ಸಂತತಿಯನ್ನು, ಸುಮಾರು ಮೂರು ಲಕ್ಷ ಜನರನ್ನು, 1609ರಿಂದ ಸ್ಪೇನ್ ದೇಶ ಹೊರದಬ್ಬಿತು. ಮೊದಲ ಹಡಗುಗಳು ಅದೇ ವರ್ಷ ಅಕ್ಟೋಬರ್‌ನಲ್ಲಿ ದೇನಿಯಾದಿಂದಲೇ ಓರಾನ್‌ನತ್ತ ಹೊರಟವು. ಈಗ ಅಲ್ಲಿಂದ ಮುಜಾಹಿದ್ ಆಳಿದ ಬಲೆಯಾರಿಕ್ ದ್ವೀಪಗಳಿಗೆ ಪ್ರವಾಸಿಗರ ಹಡಗುಗಳಿವೆ.