ಗ್ರೀನ್ ಕಾರ್ಡಿಗೆ ಕೊಟ್ಟ ರಕ್ತ

1987ರ ಕೊನೆಯಿಂದ 2009ರವರೆಗೆ ಅಮೆರಿಕಾದ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ, ಹದಿನೈದು ವರ್ಷ ತುಂಬಿದ ನಾವೆಲ್ಲರೂ ಎಚ್.ಐ.ವಿ. ಪರೀಕ್ಷೆಗೆ ರಕ್ತ ಕೊಟ್ಟವರೇ. ಅನೇಕರಿಗೆ ಅದು ಯಾವ ಪರೀಕ್ಷೆ ಎಂಬುದೂ ನೆನಪಿರಲಾರದು. ಎಕ್ಸ್‌-ರೇ, ಚುಚ್ಚುಮದ್ದು, ಅಂಟು ಹಚ್ಚಿದ ಲಕೋಟೆ, ಅಲ್ಲಿಗೆ ಮುಗಿಯಿತು.

ರೋಗದ ಮೊದಲ ವರದಿ ಬಂದದ್ದು 1981ರ ಜೂನ್ 5ರಂದು, ಲಾಸ್ ಏಂಜಲೀಸಿನ ಐವರು ಯುವಕರ ಬಗ್ಗೆ. 1983ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾಯಿತು. ರಕ್ತಪರೀಕ್ಷೆ ಬಂದದ್ದು 1985ರಲ್ಲಿ. "ಇದು ಪರದೇಶದವರ ಕಾಯಿಲೆ, ನಮ್ಮವರಿಗೆಲ್ಲಿ ಬರುತ್ತೆ" ಎಂಬ ಮಾತು ಆಗ ಊರಿನಲ್ಲಿ ಧಾರಾಳವಾಗಿತ್ತು. 1986ರಲ್ಲಿ ಮದರಾಸು ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಬೇರೆ ಅನುಕೂಲವಿಲ್ಲದೆ ಮನೆಯ ಫ್ರಿಜ್ಜಿನಲ್ಲಿಟ್ಟು, ವೆಲ್ಲೂರಿಗೆ ಒಯ್ದು ಪರೀಕ್ಷಿಸಿದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. (ಇಷ್ಟು ದೊಡ್ಡ ಕೆಲಸ ಮಾಡಿದ ಆ ಹೆಣ್ಣುಮಗಳ ಹೆಸರು ನಮ್ಮ ಮಕ್ಕಳಿಗೆ ತಿಳಿದಿರಬೇಕು.)

ಮರುವರ್ಷವೇ ಅಮೆರಿಕಾ ಸರ್ಕಾರ ಎಚ್.ಐ.ವಿ.ಯನ್ನು ವಲಸಿಗರನ್ನು ತಡೆಯುವ ಸಾಂಕ್ರಾಮಿಕ ರೋಗಗಳ ಪಟ್ಟಿಗೆ ಸೇರಿಸಿತು. 1993ರಲ್ಲಿ ಅದೇ ಕಾನೂನೂ ಆಯಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಅರ್ಥವಿರಲಿಲ್ಲ. ಕ್ಷಯ ಕೆಮ್ಮಿನಿಂದ ಹರಡುತ್ತದೆ, ಎಚ್.ಐ.ವಿ. ಹಾಗಲ್ಲ. ರಕ್ತ, ಲೈಂಗಿಕ ಸಂಪರ್ಕ, ಹಂಚಿಕೊಂಡ ಸೂಜಿ, ತಾಯಿಯಿಂದ ಮಗುವಿಗೆ, ಇಷ್ಟೇ ದಾರಿ. ಪಂಕ್ತಿಯಲ್ಲಿ ಜೊತೆಗೆ ಕೂತು ಉಂಡರೆ ಬರುವುದಿಲ್ಲ, ಸೊಳ್ಳೆ ಕಚ್ಚಿದರೂ ಬರುವುದಿಲ್ಲ. ಸೋಂಕಿತರ ರಕ್ತ ಹತ್ತಿದ ಸೂಜಿ ನಮ್ಮಂಥ ವೈದ್ಯರಿಗೆ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂರು ಸಲ. ಈ ನಿರ್ಬಂಧದ ಕಾರಣಕ್ಕೇ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನ 1990ರ ನಂತರ 2012ರವರೆಗೆ ಅಮೆರಿಕಾದಲ್ಲಿ ನಡೆಯಲಿಲ್ಲ.

ನಮ್ಮ ಮನೆಗಳಲ್ಲಿ ಇದರ ಇನ್ನೊಂದು ಪರಿಣಾಮ ಉಳಿದಿದೆ. "ನಮ್ಮದು ಗ್ರೀನ್ ಕಾರ್ಡ್ ಹೊತ್ತಿಗೇ ಆಗಿದೆ ಡಾಕ್ಟ್ರೇ" ಎನ್ನುವವರನ್ನು ನಾವು ಈಗಲೂ ಕಾಣುತ್ತೇವೆ. ಆ ಪರೀಕ್ಷೆ ಹುಡುಕುತ್ತಿದ್ದುದು ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಮೂಡಲು ಕೆಲವು ವಾರ ಬೇಕು. ಹಾಗಾಗಿ ಅದು ಹೇಳಿದ್ದು ಅಂದಿಗೆ ಕೆಲವು ವಾರಗಳ ಹಿಂದಿನವರೆಗಿನ ಸ್ಥಿತಿಯನ್ನು ಮಾತ್ರ, ನಂತರದ ಬದುಕಿನದನ್ನಲ್ಲ. ಹದಿಮೂರರಿಂದ ಅರವತ್ತನಾಲ್ಕು ವಯಸ್ಸಿನ ಎಲ್ಲರಿಗೂ ಒಮ್ಮೆಯಾದರೂ ಪರೀಕ್ಷೆ ಮಾಡಬೇಕೆಂದು ಸಿ.ಡಿ.ಸಿ. 2006ರಲ್ಲಿ ಸಲಹೆ ಕೊಟ್ಟಿತು. ಇದು ಯಾರ ನಡತೆಯ ಮೇಲಿನ ಅನುಮಾನವೂ ಅಲ್ಲ. 1996ರಿಂದ ಬಂದ ಸಂಯುಕ್ತ ಔಷಧಗಳಿಂದ ಸೋಂಕಿತರು ದೀರ್ಘಕಾಲ ಬಾಳುತ್ತಾರೆ. ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ.

2010ರ ಜನವರಿ 4ರಿಂದ ವಲಸಿಗರ ವೈದ್ಯಕೀಯ ತಪಾಸಣೆಯಲ್ಲಿ ಈ ಪರೀಕ್ಷೆ ಇಲ್ಲ. ಆಮೇಲೆ ಬಂದ ನಮ್ಮ ಹೊಸ ಸದಸ್ಯರ ರಕ್ತವನ್ನು ಯಾವ ಸರ್ಕಾರಿ ಫಾರಮ್ಮೂ ಇದಕ್ಕಾಗಿ ಕೇಳಿಲ್ಲ. ಬೇಕಾದರೆ ತಮ್ಮ ವೈದ್ಯರನ್ನು ಅವರೇ ಕೇಳಬೇಕು.