ಸೆಂಟಿನೆಲ್ ಶೀಲ್ಡ್

ಸೆಂಟಿನೆಲ್ ಶೀಲ್ಡ್ ‘ಡೆಸ್ಟಿನಿ 2’ ಎಂಬ ಸಹಕಾರಿ ಶೂಟರ್ ವಿಡಿಯೊ ಗೇಮಿನಲ್ಲಿ ಟೈಟನ್ ವರ್ಗದ ಪಾತ್ರಗಳು ಬಳಸುವ, ಆಯುಧವೂ ಆಗಬಲ್ಲ ಗುರಾಣಿ. ಅಮೆರಿಕದ ಬಂಗೀ ಸ್ಟುಡಿಯೊ ರೂಪಿಸಿದ ಈ ಆಟ 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. 2014ರ ಮೊದಲ ‘ಡೆಸ್ಟಿನಿ’ಯಲ್ಲಿ ‘ವಾಯ್ಡ್’ ಎಂಬ ಶಕ್ತಿ ಬಳಸುವ ಟೈಟನ್‌ಗೆ ಇದ್ದದ್ದು ‘ವಾರ್ಡ್ ಆಫ್ ಡಾನ್’ ಎಂಬ, ಕದಲದ ಗುಮ್ಮಟದಂಥ ರಕ್ಷೆ. ಓಡಾಡುತ್ತಲೇ ಹಿಡಿಯಬಹುದಾದ ಗುರಾಣಿ ಎರಡನೆಯ ಆಟದಲ್ಲಿ ಬಂತು.

ಗುರಾಣಿ ಸದಾ ಕೈಯಲ್ಲಿರುವುದಿಲ್ಲ. ‘ಸೂಪರ್’ ಎಂಬ ಶಕ್ತಿಯ ಮಾಪಕ ತುಂಬಿದ ಮೇಲೆ ಅಲ್ಪಕಾಲ ನೇರಳೆ ಬೆಳಕಿನ ರೂಪದಲ್ಲಿ ತೋಳಿಗೆ ಬರುತ್ತದೆ. ಅದರಿಂದ ಹತ್ತಿರದವರನ್ನು ಬಡಿಯಬಹುದು. ಎಸೆದರೆ ಒಬ್ಬ ಎದುರಾಳಿಯಿಂದ ಇನ್ನೊಬ್ಬನತ್ತ ಪುಟಿಯುತ್ತದೆ. ಮುಂದೊಡ್ಡಿ ನಿಂತರೆ ಎದುರಿನಿಂದ ಬರುವ ಪೆಟ್ಟನ್ನು ತಡೆಯುತ್ತದೆ. ಬೆನ್ನಿಗೆ ರಕ್ಷಣೆ ಇಲ್ಲ.

ತಂಡದ ಆಟದಲ್ಲಿ ಹೆಚ್ಚು ತೂಕವಿರುವುದು ಈ ತಡೆಯುವ ಗುಣಕ್ಕೇ. 2018ರ ‘ಫಾರ್ಸೇಕನ್’ ವಿಸ್ತರಣೆ ಸೇರಿಸಿದ ‘ಬ್ಯಾನರ್ ಶೀಲ್ಡ್’ ರೂಪದಲ್ಲಿ ಗುರಾಣಿ ಅಗಲವಾದ ಬೆಳಕಿನ ಗೋಡೆಯಾಗಿ ಹರಡಿತು. ಎದುರಾಳಿಯ ಗುಂಡು ಅದನ್ನು ದಾಟುವುದಿಲ್ಲ, ಆದರೆ ಹಿಂದೆ ನಿಂತ ಸಂಗಾತಿಗಳು ಅದರ ಮೂಲಕವೇ ಗುಂಡು ಹಾರಿಸಬಹುದು, ಆ ಗುಂಡುಗಳ ಬಲವೂ ಹೆಚ್ಚುತ್ತದೆ. ಗುರಾಣಿ ಹಿಡಿದವರು ಆಗ ಬಂದೂಕು ಬಳಸುವಂತಿಲ್ಲ. ಹಾಗಾಗಿ ಒಬ್ಬರೇ ಆಡುವಾಗ ಇದರ ಉಪಯೋಗ ಕಡಿಮೆ, ಆರು ಮಂದಿಯ ‘ರೇಡ್’ಗಳಲ್ಲಿ ಬಲಿಷ್ಠ ಶತ್ರುವಿನೆದುರು ಹೆಚ್ಚು. ‘ಉರ್ಸಾ ಫ್ಯೂರಿಯೋಸಾ’ ಎಂಬ ವಿಶೇಷ ಕೈಗವಸು ತೊಟ್ಟವರಿಗೆ, ತಡೆದ ಪೆಟ್ಟಿಗೆ ತಕ್ಕಂತೆ ಸೂಪರ್ ಶಕ್ತಿಯ ಒಂದಂಶ ಮರಳಿ ಸಿಗುತ್ತದೆ.

2022ರ ಫೆಬ್ರವರಿಯಲ್ಲಿ ‘ದ ವಿಚ್ ಕ್ವೀನ್’ ವಿಸ್ತರಣೆಯೊಂದಿಗೆ ಈ ಗುರಾಣಿಯ ಹಿಂದಿರುವ ವಾಯ್ಡ್ ಶಕ್ತಿಯ ವ್ಯವಸ್ಥೆ ಬದಲಾಯಿತು. ಮೊದಲೇ ಗೊತ್ತುಪಡಿಸಿದ ಸಾಮರ್ಥ್ಯಗಳ ಸರಣಿಯ ಬದಲು, ಗುರಾಣಿಗೆ ಪೂರಕವಾದ ಗುಣಗಳನ್ನು ಆಟಗಾರರೇ ಜೋಡಿಸಿಕೊಳ್ಳುವ ಕ್ರಮ ಜಾರಿಗೆ ಬಂತು.